ಡಬ್ಬದ ಮೇಲಿನ ಹೆಸರು

ಹುಣಸೂರಿನಲ್ಲಿ ಕಾರಿಟ್ಟುಕೊಂಡ ಗೃಹಸ್ಥನಿಗೆ ಎಣ್ಣೆ ಬದಲಿಸುವ ದಿನ ಬಂತೆಂದರೆ ಧರ್ಮಸಂಕಟವೇ ಸರಿ. ಕಾರು ಕಂಪನಿಯ ಮುದ್ರೆಯುಳ್ಳ ಡಬ್ಬವನ್ನೇ ಕೊಳ್ಳಬೇಕೆ, ಪೇಟೆಯ ಅಂಗಡಿಯ ಅಗ್ಗದ ಡಬ್ಬ ಸಾಲದೆ? ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿಯೂ ಇದೇ ಜಿಜ್ಞಾಸೆ.

ಕಾರು ತಯಾರಕರು ಸಾಮಾನ್ಯವಾಗಿ ಎಣ್ಣೆಯನ್ನು ತೈಲ ಕಂಪನಿಗಳಿಂದ ಮಾಡಿಸಿ ತಮ್ಮ ಹೆಸರನ್ನು ಅಂಟಿಸುತ್ತಾರೆ. ಕೈಪಿಡಿ ವಿಧಿಸುವ 5ಡಬ್ಲ್ಯು-30ರಂಥ ಸ್ನಿಗ್ಧತೆಯೂ ಎ.ಪಿ.ಐ. ದರ್ಜೆಯೂ ಹೊಂದಿದರೆ, ಬೇರೆ ಹೆಸರಿನ ಅಸಲಿ ಎಣ್ಣೆಯಿಂದ ಎಂಜಿನ್ನಿಗೆ ಕೇಡಿಲ್ಲ. ಮನೆಯ ಲೆಕ್ಕ ಬರೆಯುವವರು ಇದನ್ನು ಮೆಚ್ಚಿಯಾರು. ವಾರಂಟಿಯ ಭಯವೊಂದಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ದಂಡ ವಿಧಿಸಿದಾಗ, ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡಕೂಡದೆಂದಿತು. ಆದೇಶ ಮೇಲ್ಮನವಿಯ ಹಾದಿ ಹಿಡಿಯಿತು. ರಸೀದಿಯನ್ನು ಜೋಪಾನವಾಗಿಟ್ಟುಕೊಳ್ಳುವುದೇ ಲೇಸು.

ಬ್ರೇಕ್ ಆಯಿಲಿನ ಮಾತು ಬೇರೆ. ಹೆಸರು ಆಯಿಲ್ ಆದರೂ ಅದು ಎಣ್ಣೆಯಲ್ಲ. ಗಾಳಿಯ ತೇವವನ್ನು ಹೀರುವ ದ್ರವ. ಹೊಸ ಡಾಟ್ 4 ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲೆ ಅದರ ಮಿತಿ 155. ಪಿರಿಯಾಪಟ್ಟಣದಿಂದ ಮಡಿಕೇರಿಗೇರಿ, ಸುಬ್ರಹ್ಮಣ್ಯಕ್ಕೆಂದು ಸಂಪಾಜೆ ಘಾಟಿಯನ್ನಿಳಿಯುವ ಕುಟುಂಬವನ್ನು ನೆನೆಯಿರಿ. ತಿರುವು ತಿರುವಿಗೂ ಬ್ರೇಕು ಕಾಯುತ್ತದೆ. ಹಳೆಯ ದ್ರವ ಕುದಿದು ಆವಿಯಾದರೆ ಆವಿ ಕುಗ್ಗುತ್ತದೆ, ಒತ್ತಿದ ಪೆಡಲು ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲದು. ಗ್ಯಾರೇಜಿನ ಅಟ್ಟದ ಮೇಲೆ ಅರ್ಧ ಬಳಸಿಟ್ಟ ಡಬ್ಬ ಯಾವ ಕಂಪನಿಯದಾದರೂ ಬೇಡ. ಮೊಹರು ಒಡೆಯದ ಸಣ್ಣ ಡಬ್ಬವನ್ನು ಕಣ್ಣೆದುರಿನಲ್ಲೇ ತೆಗೆಸಿ ಹಾಕಿಸಿಕೊಳ್ಳಿ.