ಹಿತ್ತಲಿನ ಗಾಡಿ ಮತ್ತು ಹಿಂದಿನ ಆಸನ

ಅಂಬೇವಾಡಿ, ದಾಂಡೇಲಿ, ಹಳಿಯಾಳ, ಜೋಯಿಡಾ ಸೀಮೆಯ ಎಷ್ಟೋ ಮನೆಗಳ ಹಿತ್ತಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಹಳೆಯ ಮೋಟಾರ್ ಸೈಕಲ್ಲೊಂದು ಗೋಣಿತಟ್ಟು ಹೊದ್ದು ನಿಂತಿರುವುದುಂಟು. ಮನೆಯ ಯಜಮಾನರು ಒಂದು ಕಾಲಕ್ಕೆ ಕಾಗದ ಕಾರ್ಖಾನೆಯ ಪಾಳಿಗೆ, ಹೊಲಕ್ಕೆ, ಸಂತೆಗೆ, ಬೀಗರ ಊರಿಗೆ ಅದರ ಮೇಲೆಯೇ ಹೋಗಿ ಬಂದವರು. ಈಗ ಪ್ರಾಯಕ್ಕೆ ಬಂದ ಮಗ, "ಅಪ್ಪಾರ, ಇದನ್ನ ಕೆಫೆ ರೇಸರ್ ಮಾಡಸ್ತೇನ್ರಿ" ಎನ್ನುತ್ತಾನೆ. ಹೂಂ ಎನ್ನಬೇಕೋ, ಬೇಡವೆನ್ನಬೇಕೋ ಹಿರಿಯರಿಗೆ ತಿಳಿಯದು. ಅಂಥ ಮನೆಗಳಿಗಾಗಿ ಈ ತಿಂಗಳು ನಾವು ನಾಲ್ಕು ಮಾತು ಹೇಳಬಯಸುತ್ತೇವೆ.

ಕೆಫೆ ರೇಸರ್ ಎಂಬುದು ಒಂದು ಕಂಪನಿಯ ಹೆಸರಲ್ಲ; ಗಾಡಿಯ ಒಂದು ರೂಪ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ 1938ರಲ್ಲಿ ಏಸ್ ಕೆಫೆ ಎಂಬ ಉಪಾಹಾರಗೃಹ ಆರಂಭವಾಯಿತು. ಯುದ್ಧದಲ್ಲಿ ಬಾಂಬಿಗೆ ತುತ್ತಾಗಿ, 1949ರಲ್ಲಿ ಮರಳಿ ಕಟ್ಟಲ್ಪಟ್ಟ ಅದು 1950 ಮತ್ತು 60ರ ದಶಕಗಳಲ್ಲಿ ಮೋಟಾರ್ ಸೈಕಲ್ ಪ್ರಿಯ ತರುಣರ ಕೂಡುದಾಣವಾಯಿತು. ಗಂಟೆಗೆ ನೂರು ಮೈಲಿ, ಎಂದರೆ 160 ಕಿಲೋಮೀಟರ್ ವೇಗ ಮುಟ್ಟುವುದು ಅವರ ಹಂಬಲ. ಅದಕ್ಕಾಗಿ ಅವರು ಗಾಡಿಯ ಭಾರವನ್ನು ಇಳಿಸಿದರು. ಹ್ಯಾಂಡಲನ್ನು ತಗ್ಗಿಸಿ, ಕಾಲಿಡುವ ಪೆಡಲುಗಳನ್ನು ಹಿಂದಕ್ಕೆ ಸರಿಸಿ, ಒಬ್ಬರೇ ಕೂಡುವ ಆಸನವನ್ನು ಅಳವಡಿಸಿದರು. ನಾರ್ಟನ್ ಗಾಡಿಯ ಚಾಸಿಯಲ್ಲಿ ಟ್ರಯಂಫ್ ಗಾಡಿಯ ಎಂಜಿನ್ ಕೂಡಿಸಿ 'ಟ್ರೈಟನ್' ಎಂದು ಕರೆದರು. 1969ರಲ್ಲಿ ಹೊಂಡಾ ಸಿಬಿ 750 ಬಂದ ತರುವಾಯ ಜಪಾನೀ ಗಾಡಿಗಳು ಲೋಕವನ್ನೆಲ್ಲ ವ್ಯಾಪಿಸಿದವು. ಅವು ಹಳತಾದಂತೆ ಇದೇ ರೂಪಕ್ಕೆ ತಿರುಗಿಸುವ ಚಾಳಿಯೂ ಬೆಳೆಯಿತು.

ನಮ್ಮ ನಾಡಿಗೆ ಜಪಾನೀ ಗಾಡಿಗಳು ಬಂದದ್ದು 1980ರ ದಶಕದ ನಡುವೆ. ಅಲ್ಲಿಯವರೆಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿಗಳೇ ಕನ್ನಡಿಗರ ಹೆಮ್ಮೆ. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೊಂಡಾ ಸಿಡಿ 100, ಅದೇ ವರ್ಷ ಎಸ್ಕಾರ್ಟ್ಸ್ ಸಂಸ್ಥೆಯಿಂದ ಯಮಾಹಾ ಆರ್‌ಎಕ್ಸ್ 100 ಬಂದವು. ಇವುಗಳಲ್ಲಿ ತರುಣರ ಮನಸ್ಸನ್ನು ಇಂದಿಗೂ ಹಿಡಿದಿರುವುದು ಆರ್‌ಎಕ್ಸ್ 100. ಕೇವಲ 98 ಸಿಸಿ ಎಂಜಿನ್, 11 ಅಶ್ವಶಕ್ತಿ, ತೂಕ ನೂರು ಕಿಲೋದ ಆಸುಪಾಸು. ಹಗುರವಾದುದರಿಂದಲೇ ಅದು ಚಿಗರೆಯಂತೆ ಚಿಮ್ಮುತ್ತಿತ್ತು. ಹೊಗೆಯ ನಿಯಮಗಳು ಬಿಗಿಯಾದ ಕಾಲದಲ್ಲಿ, 1996ರಲ್ಲಿ, ಅದರ ತಯಾರಿಕೆ ನಿಂತಿತು. ಇರುವಷ್ಟೇ ಗಾಡಿಗಳು ಇನ್ನು ನಮಗೆ ಉಳಿದಿರುವುದು. ಒಂದನ್ನು ಕತ್ತರಿಸಿದರೆ ಒಂದು ಕಡಿಮೆಯಾದಂತೆಯೇ.

ತರುಣರ ಹಂಬಲವನ್ನು ನಾವು ಹಳಿಯುವುದಿಲ್ಲ. ಮೊಬೈಲ್ ಹಿಡಿದು ಕೂಡುವ ಬದಲು ಪಾನಾ ಹಿಡಿದು, ಕೈಗೆ ಎಣ್ಣೆ ಬಳಿದುಕೊಂಡು, ಯಂತ್ರದ ಮರ್ಮ ಅರಿಯಲು ಹೊರಟ ಹುಡುಗ ಮೆಚ್ಚತಕ್ಕವನೇ. ಕೈಗೆಲಸವನ್ನು ಕೀಳೆಂದು ಬಗೆಯದ ಸಂಸ್ಕಾರ ನಮ್ಮದು. ಆದರೆ ಬಿಚ್ಚುವ ಕೆಲಸ ಬೇರೆ, ಕತ್ತರಿಸುವ ಕೆಲಸ ಬೇರೆ. ಬಿಚ್ಚಿದ್ದನ್ನು ಮರಳಿ ಜೋಡಿಸಬಹುದು. ಗ್ಯಾಸ್ ಕಟರಿನಿಂದ ಕೊಯ್ದ ಚಾಸಿಗೆ ಮೊದಲಿನ ಬಲ ಬಾರದು. ಹಿಂಬದಿಯ ಚಾಸಿ ಕೊಯ್ದು ಬಾಗಿದ ಕಬ್ಬಿಣದ ಕೊಳವೆ ಬೆಸೆಯುವಾಗ ವೆಲ್ಡಿಂಗ್ ಕಚ್ಚಾ ಆದರೆ, ಅದು ಬಿರುಕು ಬಿಡುವುದು ಮನೆಯಂಗಳದಲ್ಲಲ್ಲ, ಹೊಂಡ ಬಿದ್ದ ರಸ್ತೆಯ ಮೇಲೆ.

ಎಂಜಿನ್ನಿನ ಮಾತೂ ಹಾಗೆಯೇ. ನೋಟಕ್ಕೆಂದು ಗಾಳಿಯ ಡಬ್ಬಿಯನ್ನು ಕಿತ್ತು ಸಣ್ಣ ಫಿಲ್ಟರ್ ಸಿಕ್ಕಿಸುತ್ತಾರೆ. ಆಗ ಕಾರ್ಬೊರೇಟರಿನ ಜೆಟ್ ಬದಲಿಸದಿದ್ದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ಎಂಜಿನ್ ಮಿತಿಮೀರಿ ಕಾಯುತ್ತದೆ. ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಪಿಸ್ಟನ್ನಿಗೆ ಎಣ್ಣೆ ಒದಗುವುದು ಆಕ್ಸಿಲೇಟರ್ ತಿರುವಿದಂತೆ. ಅಣಶಿ ಘಟ್ಟದಂಥ ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲೇಟರ್ ಮುಚ್ಚಿ ಎಂಜಿನ್ನನ್ನು ಓಡಿಸುತ್ತ ಇಳಿದರೆ ಎಣ್ಣೆ ಸಾಲದು. ಕಾದ ಎಂಜಿನ್ ಅಲ್ಲಿ ಸೀಜ್ ಆದರೆ ಹಿಂದಿನ ಗಾಲಿ ತಟ್ಟನೆ ಕಚ್ಚಿಕೊಳ್ಳುತ್ತದೆ. ಮಳೆಗಾಲದ ಹಸಿ ರಸ್ತೆಯಲ್ಲಿ ಆ ಕ್ಷಣ ಹೇಗಿದ್ದೀತೆಂಬುದನ್ನು ತಾಯಿ-ತಂದೆಗಳು ಊಹಿಸಬಲ್ಲರು. ಆದುದರಿಂದ ಮೊದಲು ಬ್ರೇಕು, ಟಯರು, ಬೇರಿಂಗು. ಚೆಲುವಿನ ಮಾತು ಆಮೇಲೆ.

ಇನ್ನು ಹಿಂದಿನ ಆಸನದ ಸಂಗತಿ. ಕೆಫೆ ರೇಸರಿನಲ್ಲಿ ಮೊದಲು ಹೋಗುವುದು ಇದೇ. ಅದರೊಡನೆ ಸೀರೆ ಗಾರ್ಡೂ ಹೋಗುತ್ತದೆ. ಇದು ಬರಿಯ ಕಬ್ಬಿಣದ ಜಾಲರಿಯಲ್ಲ. ಹಿಂದೆ ಕುಳಿತವರಿಗೆ ಹಿಡಿಕೆ, ಕಾಲಿಡುವ ಪೆಡಲು, ಬಟ್ಟೆ ಗಾಲಿಗೆ ಸಿಲುಕದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ವಿಧಿಸುತ್ತದೆ. ನಮ್ಮ ಮನೆಗಳಲ್ಲಿ ಗಾಡಿ ಒಬ್ಬರದಾಗಿರಲಿಲ್ಲ. ಅವ್ವನನ್ನು ಆಸ್ಪತ್ರೆಗೆ, ತಂಗಿಯನ್ನು ಪರೀಕ್ಷೆಗೆ, ಅಜ್ಜನನ್ನು ಜಾತ್ರೆಗೆ ಕರೆದೊಯ್ದದ್ದು ಆ ಹಿಂದಿನ ಆಸನವೇ. ಅದನ್ನು ಕಿತ್ತುಹಾಕುವ ಮುನ್ನ ಅದರ ಮೇಲೆ ಕೂಡುತ್ತಿದ್ದವರನ್ನು ಒಂದು ಮಾತು ಕೇಳುವುದು ನ್ಯಾಯ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ತಪ್ಪಿತಸ್ಥ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಗಾಡಿಯನ್ನು ಕೊಯ್ದವನು ಮಗನಾದರೂ ಆರ್.ಸಿ. ತಂದೆಯ ಹೆಸರಿನಲ್ಲಿದ್ದರೆ ನೋಟೀಸು ಬರುವುದು ತಂದೆಗೆ. ಹದಿನೈದು ವರ್ಷ ಮೀರಿದ ಗಾಡಿಯ ನೋಂದಣಿಯನ್ನು ನವೀಕರಿಸುವಾಗ ತಪಾಸಣೆಯೂ ಉಂಟು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇದೇ ಆಸ್ಪದವಾಗುತ್ತದೆ.

ಮತ್ತೊಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. 2021ರ ನಿಯಮಗಳಂತೆ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಇರುವ ವಾಹನಕ್ಕೆ 'ವಿಂಟೇಜ್' ಎಂಬ ವಿಶೇಷ ನೋಂದಣಿ ದೊರೆಯುತ್ತದೆ. 1985ರ ಗಾಡಿಗೆ 2035ರಲ್ಲಿ ಐವತ್ತು ತುಂಬುತ್ತದೆ, ಅದು ದೂರವಿಲ್ಲ. ಚಾಸಿ, ಎಂಜಿನ್ ಬದಲಾಗಿದ್ದರೆ ಆ ಗೌರವ ಇಲ್ಲ.

ಹಾಗಾದರೆ ತರುಣರು ಕೈಕಟ್ಟಿ ಕೂಡಬೇಕೆ? ಬೇಡ. ನುರಿತ ಮಿಸ್ತ್ರಿಯ ಬಳಿ ಕುಳಿತು ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಯಲಿ. ತುಕ್ಕು ತೆಗೆದು, ಪೆಟ್ರೋಲ್ ಟಾಕಿಯನ್ನು ಒಳಗೂ ಹೊರಗೂ ತೊಳೆದು, ಹಳೆಯ ಬಣ್ಣವನ್ನೇ ಮರಳಿ ಹೊಡೆಯಲಿ. ಬೇರೆ ಬಣ್ಣ ಬೇಕೆಂದರೆ ಆರ್.ಟಿ.ಓ. ಕಚೇರಿಯಲ್ಲಿ ತಿಳಿಸಿ ಆರ್.ಸಿ.ಯಲ್ಲಿ ಬರೆಯಿಸಲಿ. ಕೊಯ್ದು ಕಟ್ಟುವ ವಿದ್ಯೆಯೇ ಬೇಕಾದವರು ನೋಂದಣಿ ರದ್ದಾಗಿ ಗುಜರಿಗೆ ಹೊರಟ ಗಾಡಿಯ ಮೇಲೆ, ಬಲ್ಲವರ ಮುಂದೆ ಕೈ ಪಳಗಿಸಿಕೊಳ್ಳಲಿ. ಅದನ್ನು ಪ್ರದರ್ಶನಕ್ಕಿಡಲಿ, ರಸ್ತೆಗಿಳಿಸದಿರಲಿ. ಆ ರೂಪದ ಮೇಲೆಯೇ ಮೋಹವಿದ್ದರೆ ರಾಯಲ್ ಎನ್‌ಫೀಲ್ಡ್‌ನವರು 2018ರಲ್ಲಿ ಹೊರತಂದ ಕಾಂಟಿನೆಂಟಲ್ ಜಿಟಿ 650ರಂಥ, ಕಾರ್ಖಾನೆಯಿಂದಲೇ ಒಪ್ಪಿಗೆ ಪಡೆದು ಬರುವ ಗಾಡಿಗಳಿವೆ.

ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಮಗ ಕೇಳಿದ ಕೂಡಲೇ ಗದರಿಸಬೇಡಿರಿ. ಗಾಡಿಯ ಬೀಗದ ಕೈಯೊಡನೆ ಅದರ ಆರ್.ಸಿ. ಪುಸ್ತಕವನ್ನೂ ಅವನ ಕೈಗಿಟ್ಟು ಓದಿಸಿರಿ. ಅದರಲ್ಲಿ ಎಷ್ಟು ಜನ ಕೂಡಬೇಕೆಂದು ಬರೆದಿದೆಯೋ ಅಷ್ಟು ಜನ ಕೂಡುವಂತೆಯೇ ಗಾಡಿಯನ್ನು ಉಳಿಸಿದರೆ ಅವನ ಕೈಚಳಕವೂ ಉಳಿಯಿತು, ಮನೆಯ ಗಾಡಿಯೂ ಉಳಿಯಿತು.