ಒಂದು ಕಿವಿಯ ವೃತ್ತಾಂತ

ದೂರವಾಣಿಯನ್ನು ಬಲಗಿವಿಗೆ ಹಿಡಿದರೆ ಮಗಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಎಡಗಿವಿಗೆ ಹಿಡಿದರೆ ಎಲ್ಲವೂ ಸ್ಪಷ್ಟ. ಇದನ್ನು ನಾವು 2 ವರ್ಷ ವಯೋಧರ್ಮವೆಂದೇ ಬಗೆದಿದ್ದೆವು. ನೋಡಿದ ವೈದ್ಯರೊಬ್ಬರೂ ಹಾಗೆಯೇ ಹೇಳಿ ಕಳುಹಿದರು. "ಮುಪ್ಪು ಬರುವುದಾದರೆ ಎರಡು ಕಿವಿಗೂ ಬರಬೇಡವೆ?" ಎಂದು ಕೇಳಿದವರು ನಮ್ಮ ಮನೆಯವರು. 30 ವರ್ಷ ಮಕ್ಕಳಿಗೆ ಕಾರ್ಯಕಾರಣ ಸಂಬಂಧವನ್ನು ಬೋಧಿಸಿದ ನಮಗೆ ಈ ಪ್ರಶ್ನೆ ಹೊಳೆದಿರಲಿಲ್ಲ!

ಶ್ರವಣಪರೀಕ್ಷೆಯಾಯಿತು, ಎಂ.ಆರ್.ಐ. ಚಿತ್ರವಾಯಿತು. ಬಲಗಿವಿಯ ಒಳಗಡೆ, ಎಲುಬಿನ ಕೊಳವೆಯಲ್ಲಿ, 8 ಮಿಲಿಮೀಟರಿನ ಗಂಟೊಂದು ಕಂಡಿತು.

ಮಿದುಳಿನಿಂದ ಹೊರಡುವ ನರಗಳು 12 ಜೊತೆ. ಅವುಗಳಲ್ಲಿ ಎಂಟನೆಯದು ಶ್ರವಣಕ್ಕೂ ದೇಹದ ಸಮತೋಲಕ್ಕೂ ಸೇರಿದ್ದು. ನರಕ್ಕೊಂದು ಕವಚವುಂಟು, ಅದರ ಜೀವಕೋಶಗಳಿಗೆ ಜರ್ಮನಿಯ ಥಿಯೋಡೋರ್ ಶ್ವಾನನ ಹೆಸರಿದೆ. ಅವು ಅಪರೂಪವಾಗಿ ಮಿತಿಮೀರಿ ಬೆಳೆದು ಗಂಟಾಗುವುವು. ಇದಕ್ಕೆ ಹಿಂದಿನವರು ಅಕೂಸ್ಟಿಕ್ ನ್ಯೂರೋಮ, ಅಂದರೆ ಶ್ರವಣನರದ ಗಂಟು, ಎಂದು ಹೆಸರಿಟ್ಟರು. ಶಬ್ದಾರ್ಥವನ್ನು ಕೆದಕುವ ಚಾಳಿ ನಮ್ಮದು. ನೋಡಿದರೆ ಹೆಸರಿನ ಎರಡು ಪದಗಳೂ ತಪ್ಪು! ಗಂಟು ಹುಟ್ಟುವುದು ನರತಂತುವಿನಲ್ಲಲ್ಲ, ಕವಚದಲ್ಲಿ. ಅದೂ ಪ್ರಾಯಶಃ ಸಮತೋಲದ ಶಾಖೆಯಲ್ಲಿ. ಈಗಿನ ವೈದ್ಯರು ವೆಸ್ಟಿಬ್ಯುಲರ್ ಶ್ವಾನೋಮ ಎನ್ನುವರು.

ಇದು ಕ್ಯಾನ್ಸರಲ್ಲ, ಬೇರೆ ಅಂಗಗಳಿಗೆ ಹರಡದು. ಆದರೆ ಸ್ಥಳ ಬಲು ಇಕ್ಕಟ್ಟು. ಮುಖವನ್ನು ಆಡಿಸುವ ಏಳನೆಯ ನರವೂ ಅದೇ ಕೊಳವೆಯಲ್ಲಿ ಸಾಗುವುದು. ಗಂಟು ಬಹಳ ದೊಡ್ಡದಾದರೆ ಮಿದುಳಿನ ಕಾಂಡವನ್ನೇ ಒತ್ತುವುದು. ಅಮೆರಿಕದ ಹಾರ್ವೆ ಕುಷಿಂಗ್ 1917ರಲ್ಲಿ ಈ ಗಂಟುಗಳನ್ನು ಕುರಿತೇ ಗ್ರಂಥ ಬರೆದನು. ಆ ಕಾಲದಲ್ಲಿ ರೋಗಿಯ ಪ್ರಾಣ ಉಳಿದರೆ ಸಾಕೆನ್ನುವಂತಿತ್ತು. ಇಂದು ಶಸ್ತ್ರವೈದ್ಯರು ಮುಖದ ನಗುವನ್ನೂ ಉಳಿಸಲು ಯತ್ನಿಸುವರು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1968ರಲ್ಲಿ ಬಳಕೆಗೆ ತಂದ ಗಾಮಾ ನೈಫ್ ಎಂಬ ಯಂತ್ರದಿಂದ, ತಲೆಯನ್ನು ತೆರೆಯದೆ, ಕಿರಣಗಳಿಂದ ಬೆಳವಣಿಗೆಯನ್ನು ತಡೆಯುವುದೂ ಉಂಟು. ಸಣ್ಣ ಗಂಟುಗಳಲ್ಲಿ ಅನೇಕವು ವರ್ಷಗಟ್ಟಲೆ ಬೆಳೆಯದೆ ಇರುವುದರಿಂದ ಸುಮ್ಮನೆ ಕಾದು ನೋಡುವುದೂ ಒಂದು ಚಿಕಿತ್ಸೆಯೇ.

ವಾಚಕರು ಗಾಬರಿಪಡಬೇಕಾಗಿಲ್ಲ. ಒಂದು ಕಿವಿ ಮಂದವಾಗಲು ಗುಗ್ಗೆಯೇ ಮೊದಲಾಗಿ ಸಾಮಾನ್ಯ ಕಾರಣಗಳು ಬೇಕಾದಷ್ಟಿವೆ. ಆದರೂ ದೂರವಾಣಿಯನ್ನು ಒಂದೊಂದು ಕಿವಿಗೂ ಹಿಡಿದು ನೋಡಿರಿ. ಭೇದ ಕಂಡರೆ, ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ನಡೆವಾಗ ತೂಕ ತಪ್ಪಿದರೆ, ಶ್ರವಣಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿರಿ. ನಮ್ಮಂತೆ 2 ವರ್ಷ ಕಳೆಯಬೇಡಿರಿ.

ನಮಗೆ ಕಾಯುವಂತೆ ಹೇಳಿದ್ದಾರೆ. 6 ತಿಂಗಳಿಗೆ ಮತ್ತೊಂದು ಚಿತ್ರ. ಹೋದ ಶ್ರವಣ ಮರಳದಂತೆ. ಊಟದ ಹೊತ್ತಿನಲ್ಲಿ ಮನೆಯವರು ಈಗ ನಮ್ಮ ಎಡಗಡೆಗೆ ಕುಳಿತುಕೊಳ್ಳುವರು.