ಬೇಸಿಗೆಯ ರಂಗಸಂಗೀತ ಮತ್ತು ಬಾನುಲಿ: ಬಿಡಿಹಾಡಿನಿಂದ ಇಡೀ ಋತುವಿನೆಡೆಗೆ

ವೃತ್ತಿ ರಂಗಭೂಮಿಯನ್ನು ಕುರಿತ ಕನ್ನಡ ಸಂಶೋಧನೆ ಕಳೆದ ಕೆಲವು ದಶಕಗಳಲ್ಲಿ ಸಾಕಷ್ಟು ವಿಸ್ತಾರ ಪಡೆದಿದೆ. ಕಂಪನಿಗಳ ಚರಿತ್ರೆ, ಕಲಾವಿದರ ಜೀವನಚಿತ್ರ, ನಾಟಕಗಳ ವಸ್ತುವಿಶ್ಲೇಷಣೆ, ರಂಗಗೀತೆಗಳ ಸಂಕಲನ ಇವೆಲ್ಲ ಅಚ್ಚಾಗಿವೆ. ಆದರೆ ಈ ರಂಗಭೂಮಿ ನೋಡುವುದಕ್ಕಿಂತ ಹೆಚ್ಚಾಗಿ ಕೇಳುವ ರಂಗಭೂಮಿಯಾಗಿತ್ತು ಎಂಬ ಸಂಗತಿ ಅಧ್ಯಯನದ ವಿಧಾನವನ್ನು ಇನ್ನೂ ಬದಲಿಸಿಲ್ಲ. ಕೇಳುವಿಕೆಯನ್ನು ಆಧಾರವಾಗಿ ಸ್ವೀಕರಿಸಬೇಕಾದರೆ ಬಾನುಲಿಯ ಕಡೆಗೆ ತಿರುಗುವುದು ಅನಿವಾರ್ಯ. ಆಗ ಎದುರಾಗುವ ಮೊದಲ ಪ್ರಶ್ನೆಯೆಂದರೆ, ಬಾನುಲಿ ಈ ಪರಂಪರೆಯ ಯಾವ ಭಾಗವನ್ನು ಕೇಳಿಸಿತು, ಯಾವುದನ್ನು ಕೇಳಿಸದೆ ಬಿಟ್ಟಿತು ಎಂಬುದು.

ಪಶ್ಚಿಮದಲ್ಲಿ ಸಂಗೀತನಾಟಕಕ್ಕೂ ಬಾನುಲಿಗೂ ಸಂಬಂಧ ಬೆಳೆದ ಬಗೆ ಇಲ್ಲಿ ಹೋಲಿಕೆಗೆ ಒದಗುತ್ತದೆ. ಬಿಬಿಸಿ 1923ರ ಜನವರಿಯಲ್ಲಿಯೇ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಿಂದ ಮೊತ್ಸಾರ್ಟನ ಒಪೆರಾವನ್ನು ಪ್ರಸಾರ ಮಾಡಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಪ್ರಸಾರ 1931ರ ಡಿಸೆಂಬರ್ 25ರಂದು ಆರಂಭವಾಗಿ, ಶನಿವಾರ ಮಧ್ಯಾಹ್ನದ ರೂಢಿಯಾಗಿ ನೆಲೆಗೊಂಡಿತು. ಜರ್ಮನಿಯ ಬೈರಾಯ್ಟಿನಲ್ಲಿ 1876ರಲ್ಲಿ ಮೊದಲ್ಗೊಂಡ ಬೇಸಿಗೆಯ ವಾಗ್ನರ್ ಉತ್ಸವವೂ 1931ರಲ್ಲಿ ಬಾನುಲಿಯ ಮೂಲಕ ಹೊರನಾಡುಗಳನ್ನು ಮುಟ್ಟಿತು. ಇವುಗಳಲ್ಲಿ ಮುಖ್ಯವಾದುದು ಪ್ರಸಾರದ ತಂತ್ರಜ್ಞಾನವಲ್ಲ, ಪ್ರಸಾರದ ಘಟಕ. ಬಿಡಿಹಾಡಿಗಿಂತ ಇಡೀ ಕೃತಿ, ಒಂದು ಕೃತಿಗಿಂತ ಒಂದು ಋತುವಿನ ಪ್ರದರ್ಶನಗಳ ಸರಣಿ ಅಲ್ಲಿ ಘಟಕವಾಯಿತು. ರಂಗದ ಮೇಲಿನ ಹೆಜ್ಜೆಸಪ್ಪಳ, ಪ್ರೇಕ್ಷಕರ ಕರತಾಡನ, ಅಂಕಗಳ ನಡುವಿನ ಕಥಾನಿರೂಪಣೆ ಇವೆಲ್ಲ ಕೇಳುಗನ ಅನುಭವದ ಅಂಗಗಳಾದವು.

ಕನ್ನಡದಲ್ಲಿ ಇದಕ್ಕೆ ಸಂವಾದಿಯಾದ ಸಾಮಗ್ರಿಯ ಕೊರತೆ ಇರಲಿಲ್ಲ. ಶಿವರಾಮ ಕಾರಂತ ಮತ್ತು ಪು.ತಿ.ನ. ಅವರ ಗೀತನಾಟಕಗಳು ಒಂದು ಕಡೆ, ಹಾಡೇ ಉಸಿರಾದ ಶ್ರೀಕೃಷ್ಣ ಪಾರಿಜಾತ, ಬಯಲಾಟ, ಕಂಪನಿ ನಾಟಕಗಳು ಇನ್ನೊಂದು ಕಡೆ. ಇವುಗಳಲ್ಲಿ ಎರಡನೆಯ ಗುಂಪಿಗೆ ಸ್ಪಷ್ಟವಾದ ಋತುಮಾನವೂ ಇತ್ತು. ದಾವಣಗೆರೆ-ಹರಿಹರ ಸೀಮೆ ಇದಕ್ಕೆ ಒಳ್ಳೆಯ ನಿದರ್ಶನ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ನೆಲದ್ದು. 1988ರಲ್ಲಿ ಪದ್ಮಶ್ರೀ ಪಡೆದು 2010ರಲ್ಲಿ ತೀರಿಕೊಂಡ ಚಿಂದೋಡಿ ಲೀಲಾ ಆ ಮನೆತನದ ಕಲಾವಿದೆ. ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಿಂದ ಹಿಡಿದು ಹರಿಹರ ತಾಲ್ಲೂಕಿನ ನಂದಿಗುಡಿಯಂಥ ಊರುಗಳವರೆಗೆ ಬೇಸಿಗೆಯೆಂದರೆ ನಾಟಕದ ಕಾಲ. ಹಳ್ಳಿಯ ಹವ್ಯಾಸಿಗಳು ಪೇಟಿ ಮಾಸ್ತರನನ್ನು ಕರೆಸಿ, ರಾತ್ರಿಗಳನ್ನು ತಾಲೀಮಿಗೆ ಕೊಟ್ಟು, ಸೀನರಿಯನ್ನೂ ಸ್ತ್ರೀಪಾತ್ರಕ್ಕೆ ಕಲಾವಿದೆಯರನ್ನೂ ಹೊರಗಿನಿಂದ ತಂದು ಬೆಳಗಿನವರೆಗೆ ಆಡುವ ಪದ್ಧತಿ ಈ ಸೀಮೆಗೆ ಸಹಜವಾದುದು. ಭದ್ರಾ ನಾಲೆಯ ನೀರುಂಡ ಹಳ್ಳಿಗಳಲ್ಲಿ ಕೊಯ್ಲು, ಜಾತ್ರೆ, ನಾಟಕಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ನಾಟಕಕ್ಕೆ ಹಣ, ಬಿಡುವು, ಪ್ರೇಕ್ಷಕ ಮೂರನ್ನೂ ಒದಗಿಸುವುದು ಈ ಋತುಚಕ್ರವೇ.

ಈ ಸೀಮೆಯ ಕೇಳುಗರಿಗೆ 1950ರಲ್ಲಿ ಆರಂಭವಾದ ಧಾರವಾಡ, 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೇಂದ್ರಗಳು ಪರಿಚಿತ. ಕನ್ನಡ ರಂಗಸಂಗೀತಕ್ಕೆ ಬಾನುಲಿ ಸಲ್ಲಿಸಿದ ಸೇವೆ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡಿದ ಮಲ್ಲಿಕಾರ್ಜುನ ಮನ್ಸೂರರು ಮುಂದೆ ಧಾರವಾಡ ಕೇಂದ್ರದ ಸಂಗೀತ ಸಲಹೆಗಾರರಾದುದು ರಂಗಕ್ಕೂ ಬಾನುಲಿಗೂ ಇದ್ದ ನಂಟನ್ನು ಸೂಚಿಸುತ್ತದೆ. ಆದರೂ ಆಕಾಶವಾಣಿಯ ನಾಟಕಗಳು ಬಹುಮಟ್ಟಿಗೆ ಸ್ಟುಡಿಯೋದೊಳಗೆ, ಅರ್ಧ ಅಥವಾ ಒಂದು ಗಂಟೆಯ ಅವಧಿಗೆ ಹೊಂದಿಸಿ ಸಿದ್ಧವಾದವು. ರಂಗಗೀತೆಯು ನಾಟಕದಿಂದ ಬೇರ್ಪಟ್ಟು ಸುಗಮ ಸಂಗೀತದ ನೆರೆಯ ಪ್ರಕಾರವೆಂಬಂತೆ ಬಿಡಿಯಾಗಿ ಪ್ರಸಾರವಾಯಿತು. ಮಾತಿನಿಂದ ಹಾಡಿಗೆ ಜಾರುವ ಗಳಿಗೆ, ಪ್ರೇಕ್ಷಕರ 'ಒನ್ಸ್ ಮೋರ್' ಕೂಗಿಗೆ ಮಣಿದು ಅದೇ ಹಾಡನ್ನು ಬೇರೆ ಬಗೆಯಲ್ಲಿ ಬೆಳೆಸುವ ಕ್ರಮ, ನಡುರಾತ್ರಿಯ ನಂತರ ಬದಲಾಗುವ ಲಯ ಇವು ಆ ಅವಧಿಯೊಳಗೆ ಹಿಡಿಯಲಿಲ್ಲ.

ಗಮನಿಸಬೇಕಾದುದೆಂದರೆ, ಕನ್ನಡ ವಿಭಾಗಗಳೂ ಇದೇ ಬಗೆಯ ಕತ್ತರಿಯನ್ನು ಬಳಸಿವೆ. ಹಾಡಿನ ಸಾಹಿತ್ಯವನ್ನು ಸಂಕಲಿಸಿ, ಮಟ್ಟನ್ನು ಕೈಬಿಟ್ಟು, ಪ್ರದರ್ಶನದ ಸಂದರ್ಭವನ್ನು ಪ್ರಸ್ತಾವನೆಯ ಒಂದು ಪರಿಚ್ಛೇದಕ್ಕೆ ಇಳಿಸುವುದು ರೂಢಿಯಾಗಿದೆ. ಹಾಗಾಗಿ ದೋಷವನ್ನು ಬಾನುಲಿಯೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ. ಬಾನುಲಿ ಕಾಲದ ಮಿತಿಯಿಂದ ಮಾಡಿದ್ದನ್ನು ಸಂಶೋಧನೆ ಅಭ್ಯಾಸಬಲದಿಂದ ಮಾಡಿದೆ.

ಇರುಳಿಡೀ ನಡೆಯುವ ಆಟವನ್ನು ಬಾನುಲಿಯಲ್ಲಿ ಕೇಳುವವರಾರು ಎಂಬ ಆಕ್ಷೇಪ ಸಹಜವಾದುದು. ಇಡೀ ಪ್ರದರ್ಶನವನ್ನು ಒಂದೇ ಇರುಳಿನಲ್ಲಿ ಕೇಳಿಸಬೇಕಾಗಿಲ್ಲ, ಕಂತುಗಳಾಗಿ ಕೇಳಿಸಬಹುದು. ಕೃತಿಯನ್ನು ಕುಗ್ಗಿಸುವುದಕ್ಕೂ ಕಂತುಗಳಾಗಿ ಹಂಚುವುದಕ್ಕೂ ಅಂತರವಿದೆ. ಬಯಲಿನ ಧ್ವನಿಮುದ್ರಣದಲ್ಲಿ ಗದ್ದಲವೇ ಹೆಚ್ಚು ಎಂಬುದು ಇನ್ನೊಂದು ಆಕ್ಷೇಪ. ಸಂಗೀತದ ಕೇಳುಗನಿಗೆ ಅದು ಕಿರಿಕಿರಿಯಾದೀತು. ಸಂಶೋಧಕನಿಗಾದರೋ ಪ್ರೇಕ್ಷಕ ಎಲ್ಲಿ ನಕ್ಕ, ಎಲ್ಲಿ ಮೌನವಾದ, ಎಲ್ಲಿ ಮತ್ತೆ ಹಾಡಿಸಿದ ಎಂಬುದಕ್ಕೆ ಅದೇ ನೇರವಾದ ಆಕರ.

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಖಚಿತವಾಗಿದೆ. ಒಂದು ಸೀಮೆಯನ್ನು ಆಯ್ದು, ಅಲ್ಲಿಯ ಒಂದು ಬೇಸಿಗೆಯ ಪ್ರದರ್ಶನಗಳನ್ನು ಆದಿಯಿಂದ ಅಂತ್ಯದವರೆಗೆ ಧ್ವನಿಮುದ್ರಿಸಬೇಕು. ತಾಲೀಮಿನ ಕೆಲವು ರಾತ್ರಿಗಳೂ ಅದರಲ್ಲಿ ಸೇರಬೇಕು. ಪ್ರತಿಯೊಂದಕ್ಕೂ ಊರು, ದಿನ, ಮೇಳ, ಪೇಟಿ ಮಾಸ್ತರ, ರಾಗ, ಮಟ್ಟುಗಳ ವಿವರವಿರುವ ಟಿಪ್ಪಣಿ ಸಿದ್ಧವಾಗಬೇಕು. ಪ್ರಸಾರಕ್ಕೆ ಆಕಾಶವಾಣಿಯೊಂದನ್ನೇ ಕಾಯಬೇಕಾಗಿಲ್ಲ. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೂ 2006ರಲ್ಲಿ ಸ್ವಯಂಸೇವಾ ಸಂಘಟನೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. ದಾವಣಗೆರೆಯಲ್ಲಿ 2009ರಿಂದ ವಿಶ್ವವಿದ್ಯಾನಿಲಯವಿದೆ, ವೃತ್ತಿ ರಂಗಭೂಮಿಗೆಂದೇ ಸ್ಥಾಪಿತವಾದ ರಂಗಾಯಣವೂ ಇದೆ. ಕಲಾವಿದರ ಒಪ್ಪಿಗೆ ಮತ್ತು ಸಂಭಾವನೆ ಈ ಕೆಲಸದ ಮೊದಲ ಷರತ್ತಾಗಬೇಕು. ಕೃತಿಸ್ವಾಮ್ಯ ಕಾಯಿದೆಯ 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯಮಾಡಿದೆ. ಜನಪದದ ಹೆಸರಿನಲ್ಲಿ ಹಾಡುಗಾರರ ಕಂಠವನ್ನು ಬಿಟ್ಟಿಯಾಗಿ ಸಂಗ್ರಹಿಸುವ ಹಳೆಯ ಪರಿಪಾಠ ಇನ್ನು ಸಲ್ಲದು.

ಹಸ್ತಪ್ರತಿಯ ಪಾಠಾಂತರಗಳನ್ನು ಗುರುತಿಸುವುದರಲ್ಲಿ ಕನ್ನಡ ವಿದ್ವತ್ತು ನೂರು ವರ್ಷಗಳಿಗೂ ಮೀರಿದ ಶಿಸ್ತನ್ನು ರೂಢಿಸಿಕೊಂಡಿದೆ. ಒಂದೇ ನಾಟಕ ನಂದಿಗುಡಿಯಲ್ಲಿ ಒಂದು ಬಗೆ, ಹರಿಹರದಲ್ಲಿ ಇನ್ನೊಂದು ಬಗೆ ಕೇಳಿಸಿದರೆ ಅದೂ ಪಾಠಾಂತರವೇ. ಆದರೆ ತಾಳೆಗರಿ ಕಾದಂತೆ ಕಂಠ ಕಾಯುವುದಿಲ್ಲ. ಹಳೆಯ ಮಟ್ಟುಗಳನ್ನು ಬಲ್ಲ ಪೇಟಿ ಮಾಸ್ತರರು ಒಬ್ಬೊಬ್ಬರಾಗಿ ಮರೆಯಾದಂತೆ, ಅಚ್ಚಿನಲ್ಲಿ ಉಳಿದ ಹಾಡುಗಳು ಓದಬಹುದಾದ, ಆದರೆ ಹಾಡಲಾಗದ ಪದ್ಯಗಳಾಗುತ್ತವೆ.